ಅನ್ನಪೂರ್ಣಾಳ ಆರು ತಂತಿ

ನನ್ನ ಬಾಯಿ ಜೋರು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಇದನ್ನು ಸಣ್ಣ ಕೂಸು ಕೂಡ ಹೇಳುತ್ತದೆ. ನಲ್ಲಿಯ ಹತ್ತಿರ, ರೇಷನ್ ಅಂಗಡಿಯ ಮುಂದೆ, ಬಸ್ಸಿನ ಸೀಟಿಗಾಗಿ, ಹೀಗೆ ನಾನು ಜಗಳ ತೆಗೆಯದ ಜಾಗವಿಲ್ಲ. ಆದರೆ ದೇವರ ಜೊತೆ ಜಗಳ ಆಡಿದ್ದು ಒಂದೇ ಸಲ, ಅದೂ ಅನ್ನಪೂರ್ಣಾಳ ಸಲುವಾಗಿ.

ಗಂಟಲಲ್ಲಿ ಗಂಟು ಬೆಳೆದು ಆಕೆಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಧ್ವನಿಗೆ ಪೆಟ್ಟು ಬೀಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅವರದೇನೂ ತಪ್ಪಿಲ್ಲ. ಆಕೆ ಬದುಕಿ ಮನೆಗೆ ಬಂದಳು, ಧ್ವನಿ ಬರಲಿಲ್ಲ. ಮಾತಾಡಿದರೆ ಜೋಳದ ಒಣ ಎಲೆ ರವುದಿಯ ಮೇಲೆ ಯಾರೋ ನಡೆದಂತೆ ಸರಸರ ಸಪ್ಪಳ, ಅಷ್ಟೇ. ನಾನು ಅಂಗಳದಲ್ಲಿ ನಿಂತು ಗುಡ್ಡದ ಕಡೆ ಕೈಮಾಡಿ ಕಾಲಕಾಲೇಶ್ವರನನ್ನು ಬಾಯಿಗೆ ಬಂದಂತೆ ಬೈದೆ. ಹಗಲೆಲ್ಲ ಒದರುವ ನನ್ನಂಥವಳ ಗಂಟಲನ್ನು ಗಟ್ಟಿ ಇಟ್ಟು ಹಾಡುವವಳದನ್ನು ಕಸಿದುಕೊಂಡೆಯಲ್ಲ, ನಿನಗೆ ಕಣ್ಣು ಮೂರಿದ್ದು ಏನು ಬಂತು ಎಂದು ಕೇಳಿದೆ. ನನ್ನ ಸಿಟ್ಟು ಇಳಿದ ಮೇಲೆ ಕೈಮುಗಿದೆ, ಅದು ಬೇರೆ ಮಾತು.

ನಾನು ಕಳಕವ್ವ. ಅನ್ನಪೂರ್ಣಾ ನಮ್ಮ ಎದುರು ಮನೆಯವಳು. ಇಬ್ಬರೂ ಒಂದೇ ರೊಟ್ಟಿ ಕೇಂದ್ರದಲ್ಲಿ ಮಗ್ಗುಲು ಮಗ್ಗುಲಿಗೆ ಕೂತು ಜೋಳದ ರೊಟ್ಟಿ ಬಡಿಯುತ್ತೇವೆ. ಸಂಜೆಗೆ ಇಬ್ಬರೂ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳ ಭಜನಾ ಮೇಳದಲ್ಲಿ ಇದ್ದವರು. ಭಜನೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮೇಳದಲ್ಲಿ ಒಬ್ಬಳು ಪದದ ಸಾಲನ್ನು ಮುಂದೆ ಹೇಳುತ್ತಾಳೆ, ಉಳಿದವರು ಅದೇ ಸಾಲನ್ನು ಹಿಂದೆ ಹೇಳುತ್ತಾರೆ. ಮುಂದೆ ಹೇಳುವವಳು ಹಾರ್ಮೋನಿಯಂ ಪಕ್ಕ ಕೂಡಬೇಕು. ಹಿಂದೆ ಹೇಳುವುದು ನೀರು ಕುಡಿದಷ್ಟು ಸುಲಭ, ಸಾಲು ಕಿವಿಗೆ ಬಿದ್ದರೆ ಬಾಯಿ ತಾನೇ ತೆರೆಯುತ್ತದೆ. ಮುಂದೆ ಹೇಳು ಎಂದರೆ ಮಾತ್ರ ವರ್ಷಗಟ್ಟಲೆ ಹಾಡಿದ ಪದವೂ ಮರೆತುಹೋಗುತ್ತದೆ. ನಮ್ಮ ಮೇಳಕ್ಕೆ ಮುಂದೆ ಹೇಳುವವಳು ಅನ್ನಪೂರ್ಣಾ. ತವರು ಹೊಳೆಮಣ್ಣೂರಿನಿಂದ ತಾಯಿಯ ಪದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಂತೆ ಬಂದವಳು.

ಆಪರೇಷನ್ ಆದ ಮೇಲೆ ಒಂದಷ್ಟು ವಾರ ಹಿಂದೆ ಕಂಬಕ್ಕೆ ಆತು ಕೂತು ಚಪ್ಪಾಳೆ ತಟ್ಟಿದಳು. ಆಮೇಲೆ ಬರುವುದನ್ನೇ ಬಿಟ್ಟಳು. ನಾನು ಕರೆಯಲು ಹೋದರೆ ಆ ಸರಸರ ಧ್ವನಿಯಲ್ಲಿ, "ಸುಮ್ಮನ ಕುಂದರಾಕ ನಮ್ಮ ಮನ್ಯಾಗ ಜಾಗಾ ಇಲ್ಲೇನ?" ಎಂದಳು. ನಾನು ಒಬ್ಬಳೇ ತಾಳ ಹಿಡಿದು ಗುಡಿಗೆ ನಡೆದೆ.

ಅಷ್ಟರಲ್ಲಿ ಆಕೆಯ ಗಂಡ ಮುತ್ತಣ್ಣ ಗೋವಾದಿಂದ ಬಂದ. ಅವನು ಗೌಂಡಿ, ಸುಗ್ಗಿ ಮುಗಿದರೆ ಅಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಕಡೆಯ ಗಂಡಸರು ಗೋವಾದಿಂದ ಗೋಡಂಬಿ ತಂದರೆ ಇವನು ಗಿಟಾರ್ ತಂದ. ಹಳೆ ಮನೆ ಕೆಡವಿಸುತ್ತಿದ್ದ ಮಾಲಕಿ, ಬೇಕಿದ್ದರೆ ಒಯ್ಯಿ ಎಂದು ಕೊಟ್ಟಳಂತೆ. ಚಾದರದಲ್ಲಿ ಸುತ್ತಿ ಜೋಳದ ಚೀಲದ ಮೇಲೆ ಇಟ್ಟ. ಒಂದು ಮಧ್ಯಾಹ್ನ ನಾನು ಮಜ್ಜಿಗೆ ಕೇಳಲು ಹೋದಾಗ ಅನ್ನಪೂರ್ಣಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತಂತಿ ಮೀಟಿ, ಅದು ಪೂರ್ತಿ ನಿಲ್ಲುವ ತನಕ ಕೇಳಿ, ಮತ್ತೆ ಮೀಟುತ್ತಿದ್ದಳು.

"ಕಳಕವ್ವಾ, ಇದಕ್ಕ ಗಂಟಲ ಬೇಕಾಗಿಲ್ಲ ನೋಡ," ಎಂದಳು.

"ಹುಚ್ಚಿ, ಅದು ಸಿನಿಮಾದವರದು. ನಮ್ಮಂಥಾರಿಗೆ ಯಾಕ ಬೇಕು?"

"ಬರೂ ಶ್ರಾವಣದಾಗ ಇದನ್ನ ಹಿಡ್ಕೊಂಡ ಮೇಳದಾಗ ಕುಂದ್ರತೀನಿ. ಚಪ್ಪಾಳಿ ಬಡ್ಯಾಕ ಅಲ್ಲ. ಬರಲಿಲ್ಲಂದ್ರ ಮತ್ತ ಜಲ್ಮದಾಗ ಆ ಕಟ್ಟಿ ಹತ್ತೂದಿಲ್ಲ."

ಅನ್ನಪೂರ್ಣಾ ಇಲ್ಲದ ಮೇಳವನ್ನು ನೆನೆಸಿಕೊಂಡೇ ನನಗೆ ಮಜ್ಜಿಗೆ ಕೇಳಲು ಬಂದದ್ದು ಮರೆತುಹೋಯಿತು. ಆಕೆ ಸುಮ್ಮನೆ ಆಡುವವಳಲ್ಲ. ಆಡಿದರೆ ಮುಗಿಯಿತು.

ಕಲಿಸಲು ಊರಲ್ಲಿ ಯಾರೂ ಇರಲಿಲ್ಲ, ಫೋನೇ ಗುರು. ಫೋನಿನೊಳಗೆ ಒಬ್ಬ ಹುಡುಗ ಬೆರಳು ಎಲ್ಲೆಲ್ಲಿ ಇಡಬೇಕೆಂದು ತೋರಿಸುತ್ತಿದ್ದ. ಸಿ ಕಾರ್ಡ್, ಜಿ ಕಾರ್ಡ್ ಎನ್ನುತ್ತಿದ್ದ. ನನಗೆ ಗೊತ್ತಿದ್ದ ಕಾರ್ಡ್ ಎಂದರೆ ರೇಷನ್ ಕಾರ್ಡ್ ಒಂದೇ. "ತಮ್ಮಾ, ಸಾವಕಾಶ ಹೇಳೋ," ಎಂದು ಆಕೆ ಫೋನಿಗೇ ಬೇಡಿಕೊಳ್ಳುತ್ತಿದ್ದಳು. ಬೆಂಕಿಯಂಥ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಹೊರಳಿಸುವ ಬೆರಳು ಆಕೆಯದು, ಆದರೂ ತಂತಿ ಆ ಬೆರಳ ತುದಿಯನ್ನು ಕೊಯ್ದು ಗೆರೆ ಮೂಡಿಸಿತು. ಹಿಟ್ಟಿನಲ್ಲಿ ಕೈಯಿಟ್ಟಾಗ ಬಿಸಿನೀರು ಸೋಕಿ ಹಲ್ಲು ಕಚ್ಚುತ್ತಿದ್ದಳು. ಬಿಡು ಎಂದರೆ ಬಿಡುವ ಜಾತಿಯಲ್ಲ.

ಆಕೆಯ ಬಲಗೈ ಮಾತ್ರ ಬಲು ಬೇಗ ಪಳಗಿತು. ಒಂದ, ಎರಡ, ಮೂರ, ನಾಕ ಎಂದು ಎಣಿಕೆ ತಪ್ಪದೆ ಮೀಟಬೇಕು ಎಂದು ಫೋನಿನ ಹುಡುಗ ಹೇಳಿದ್ದೇ ತಡ, ಕೇಂದ್ರದಲ್ಲಿ ರೊಟ್ಟಿಯನ್ನೇ ಆ ಎಣಿಕೆಗೆ ಬಡಿಯತೊಡಗಿದಳು. ಮಗ್ಗುಲಲ್ಲಿದ್ದ ನನ್ನ ಕೈಗೂ ಅದು ಹತ್ತಿತು. ನೋಡನೋಡುತ್ತ ಸಾಲಿನಲ್ಲಿದ್ದವರೆಲ್ಲ ಒಂದೇ ತಾಳಕ್ಕೆ ಬಡಿಯುವಂತಾಗಿ, ಕೇಂದ್ರ ನಡೆಸುವ ಸಕ್ಕೂಬಾಯಿ ಬಂದು, "ಏನ್ರೇ, ರೊಟ್ಟಿ ಮಾಡಾಕತ್ತೀರೋ, ಮೆರವಣಿಗಿ ಹೊಂಟೀರೋ?" ಎಂದು ಬೈದು ಹೋದಳು.

ಆದರೆ ಎಡಗೈಯಿಂದ ಬಂದ ನಾದ ಕೇಳಿದರೆ ಓಣಿಯ ನಾಯಿ ಎದ್ದು ಹೋಗುತ್ತಿತ್ತು. ಬರಿ ತಂತಿ ಮೀಟಿದರೆ ಗುಡಿಯೊಳಗೆ ಕೂತಷ್ಟು ಇಂಪು. ಫೋನಿನವನು ತೋರಿಸಿದಲ್ಲಿ ಬೆರಳಿಟ್ಟರೆ ಭಾಂಡೆ ಉರುಳಿಬಿದ್ದ ಸದ್ದು. ತಿಂಗಳುಗಟ್ಟಲೆ ಹೀಗೇ ಆಯಿತು. ಆಕೆ ಒಂದು ಸಲವೂ ಗಿಟಾರನ್ನು ಬೈಯಲಿಲ್ಲ, ಫೋನಿನ ಹುಡುಗನನ್ನೂ ಬೈಯಲಿಲ್ಲ. ನನ್ನ ಬೆರಳೇ ಸರಿ ಕೂಡುತ್ತಿಲ್ಲ ಎಂದು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ನಾನಾಗಿದ್ದರೆ ಅದನ್ನು ಒಲೆಗೆ ಹಾಕಿ ಚಹಾ ಕಾಯಿಸಿಕೊಳ್ಳುತ್ತಿದ್ದೆ.

ಕೊನೆಗೆ ನಾನೇ ಹಟ ಹಿಡಿದು ಆಕೆಯನ್ನು ನರೇಗಲ್ಲಿನ ಬಸ್ಸು ಹತ್ತಿಸಿದೆ. ಅಲ್ಲಿ ಖಾದರ ಎಂಬವನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮದುವೆ ಹಂಗಾಮಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾನೆ. ಚಾದರ ಬಿಚ್ಚಿ ಕೈಗೆ ಕೊಟ್ಟೆವು. ಅವನು ತಂತಿಗಳ ಮೇಲೆ ಒಮ್ಮೆ ಹೆಬ್ಬೆರಳು ಎಳೆದು ಬೆರಗಾಗಿ ನಮ್ಮ ಮುಖ ನೋಡಿದ.

"ಅಕ್ಕಾರ, ಇದರ ಶ್ರುತಿ ಹಿಂಗ ಮಾಡಿದೋರು ಯಾರ್ರಿ?"

"ನಾನ ಮಾಡೀನಪಾ," ಎಂದಳು ಅನ್ನಪೂರ್ಣಾ. "ಶಿವನಪ್ಪ ಕಾಕಾನ ಹಾರ್ಮೋನಿಯಂದು ಕರಿ ಎರಡ ಒತ್ತಿಸಿ, ಎಲ್ಲಾ ತಂತಿ ಸಾ ಪಾ, ಸಾ ಪಾ ಅಂತ ಕೂಡಿಸೀನಿ. ನಡುವ ಒಂದ ಹರೀತು, ಬ್ಯಾರೆ ತಂತಿ ತರಿಸಿ ಹಾಕೇನಿ."

ಶಿವನಪ್ಪ ಕಾಕಾ ನಮ್ಮ ಮೇಳಕ್ಕೆ ಹಾರ್ಮೋನಿಯಂ ಬಾರಿಸುವ ಹಿರಿಯ. ಎರಡನೇ ಕರಿ ಪಟ್ಟಿಯೇ ನಮ್ಮ ಮೇಳದ ಸಾ, ಅವನಪ್ಪನ ಕಾಲದಿಂದ ಅದು ಬದಲಾಗಿಲ್ಲ. ತಂತಿ ಇದ್ದದ್ದೆಲ್ಲ ತಂಬೂರಿ ಎಂದುಕೊಂಡು ಬೆಳೆದವರು ನಾವು. ತಂತಿಗೆ ಸಾ ಪಾ ಬಿಟ್ಟು ಬೇರೆ ಏನು ಕೂಡಿಸುತ್ತಾರೆ?

ಖಾದರ ನಗಲಿಲ್ಲ, ಅದಕ್ಕೇ ಅವನು ನನಗೆ ಸೇರಿದ. "ನೀವು ಇದನ್ನ ತಂಬೂರಿ ಮಾಡೀರಿ ಅಕ್ಕಾರ. ಭಾಳ ಸಾಫ್ ಐತಿ, ಮಷಿನ್ ಹಚ್ಚಿದ್ರೂ ಇಷ್ಟ ಚಲೋ ಕೂಡೂದಿಲ್ಲ. ಆದ್ರ ಫೋನ್ ಮಾಸ್ತರ ಬೆರಳ ಇಡಾಕ ಹೇಳೂದು ಬ್ಯಾರೆ ಶ್ರುತಿಗೆ. ನಿಮ್ಮ ಬೆರಳ ಸರೀನ ಇದ್ದೂ, ತಂತೀನ ಬ್ಯಾರೆ ಇದ್ದೂ."

ಅನ್ನಪೂರ್ಣಾ ತನ್ನ ಎಡಗೈ ಬೆರಳನ್ನು ನೋಡಿಕೊಂಡಳು. ಅಷ್ಟು ದಿನ ಸುಮ್ಮನೆ ಬೈಸಿಕೊಂಡ ಮಕ್ಕಳನ್ನು ನೋಡುವಂತೆ ನೋಡಿದಳು.

ಅವನು ತಂತಿ ಸಡಿಲಿಸಿ ಬಿಗಿದು ಅದರ ನಿಜವಾದ ಶ್ರುತಿಗೆ ತಂದ. ದಪ್ಪ ತಂತಿಯ ಐದನೇ ಮನೆ ಒತ್ತಿದರೆ ಬರುವ ಸ್ವರಕ್ಕೆ ಅದರ ಕೆಳಗಿನ ತಂತಿಯನ್ನು ಕೂಡಿಸಬೇಕು, ಹಾಗೇ ಕೆಳಕೆಳಗೆ ಹೋಗಬೇಕು, ಒಂದು ಕಡೆ ಮಾತ್ರ ನಾಲ್ಕನೇ ಮನೆ ಎಂದ. ಗಿಟಾರಿನ ಕೊರಳ ಮೇಲಿನ ಅಡ್ಡ ಕಂಬಿಗಳ ನಡುವಿನ ಜಾಗಕ್ಕೆ ಅವನು ಮನೆ ಎನ್ನುತ್ತಿದ್ದ. ಒಂದು ಮನೆ ಮುಂದೆ ಹೋದರೆ ಹಾರ್ಮೋನಿಯಂನಲ್ಲಿ ಒಂದು ಪಟ್ಟಿ ಮೇಲೆ ಹೋದಂತೆ, ಕರಿಯಾಗಲಿ ಬಿಳಿಯಾಗಲಿ.

"ಹಂಗಾರ ಇದರಾಗ ಕರಿ ಬಿಳಿ ಭೇದ ಇಲ್ಲನ," ಎಂದಳು ಅನ್ನಪೂರ್ಣಾ.

"ಇಲ್ರಿ. ಹನ್ನೆರಡ ಮನಿ ದಾಟಿದ್ರ ಮತ್ತ ಅದ ಸ್ವರ, ಮ್ಯಾಲಿಂದು."

"ಫೋನಿನ ಹುಡುಗ ಸಿ ಅಂದ್ರ ಸಾ ಅಂತಾನಲ್ಲ?"

"ಸಾ ಅನ್ನೂದು ಗಾದಿ ಇದ್ದಂಗ್ರಿ. ನೀವು ಎಲ್ಲಿ ಹಾಸ್ತೀರಿ ಅಲ್ಲೇ ಸಾ. ನಿಮ್ಮ ಮೇಳ ಕರಿ ಎರಡರ ಮ್ಯಾಲೆ ಹಾಸೈತಿ, ಆತು, ಇದರಾಗೂ ಅಲ್ಲೇ ಹಾಸ್ರಿ," ಎಂದು ಮೇಲಿನಿಂದ ಎರಡನೇ ತಂತಿಯ ಆರನೇ ಮನೆ ಒತ್ತಿ ಮೀಟಿದ. ಅನ್ನಪೂರ್ಣಾ ತಲೆದೂಗಿದಳು. ಹೌದು, ಅದೇ ನಮ್ಮ ಸಾ. ನನಗೂ ಗೊತ್ತಾಯಿತು.

ಆಮೇಲೆ ಕಾರ್ಡ್ ಎಂದರೇನು ಎಂದು ತೋರಿಸಿದ. ನಾವು ಒಂದಾದ ಮೇಲೆ ಒಂದು ಸ್ವರ ಹಾಡುತ್ತೇವೆ, ಇವರು ಸಾ ಗಾ ಪಾ ಮೂರನ್ನೂ ಒಮ್ಮೆಲೇ ನುಡಿಸುತ್ತಾರೆ. ನಮ್ಮ ಓಣಿಯಲ್ಲಿ ಮೂವರು ಒಮ್ಮೆಲೇ ಬಾಯಿ ತೆಗೆದರೆ ಜಗಳವೆಂದೇ ಅರ್ಥ. ಇಲ್ಲಿ ಮೂರೂ ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತಂತಿತ್ತು. ಖಾದರ ಅದನ್ನು ನುಡಿಸುತ್ತಲೇ ಒಂದು ಬೆರಳು ಎತ್ತಿದ, ಒಂದೇ ಬೆರಳು. ಅಂಗಡಿಯ ಗಾಳಿಯೇ ಬೇರೆಯಾದಂತೆ ಆಯಿತು, ಯಾರೋ ಊರು ಬಿಟ್ಟು ಹೊರಟಂತೆ ಮನಸ್ಸು ಕಲಕಿತು.

"ಗಾ ಒಂದ ಮನಿ ಹಿಂದ ಸರೀತ್ರಿ, ಅಷ್ಟ," ಎಂದ ಖಾದರ.

"ಅಷ್ಟ?" ಎಂದಳು ಅನ್ನಪೂರ್ಣಾ. ಆಕೆಯ ಕಣ್ಣು ತುಂಬಿತ್ತು. ಇಷ್ಟು ವರ್ಷ ಹಾಡಿದ ಪದಗಳಲ್ಲಿ ತನ್ನ ಗಂಟಲು ಅರಿವಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಆಕೆ ಅಂದು ಕಣ್ಣಾರೆ ಕಂಡಳು ಎಂದು ನನಗೆ ಅನಿಸಿತು. ಹೊರಡುವಾಗ ಖಾದರ ಒಂದು ಮಾತು ಹೇಳಿದ, "ತಪ್ಪಿದ್ರ ನಿಲ್ಲಬ್ಯಾಡ್ರಿ ಅಕ್ಕಾರ. ತಾಳ ಹಿಡದ ಮುಂದ ಹೋಗ್ರಿ, ಸ್ವರ ಹಿಂದಿಂದ ಬಂದ ಕೂಡತೈತಿ."

ಅಲ್ಲಿಂದ ಮುಂದೆ ನಾನು ನೋಡಿದ್ದನ್ನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ರೊಟ್ಟಿ ಕೇಂದ್ರದ ಕೆಲಸ, ಮನೆಯ ಅಡುಗೆ, ಎಮ್ಮೆಯ ಹಿಂಡಿ, ಎಲ್ಲ ಮುಗಿಸಿ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತರೆ ಆಕೆಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಸಿ ಬಂತು, ಜಿ ಬಂತು. ಎಫ್ ಎಂಬ ಒಂದು ಕಾರ್ಡ್ ಇದೆ, ತೋರುಬೆರಳನ್ನು ಮಲಗಿಸಿ ತಂತಿಗಳನ್ನೆಲ್ಲ ಒತ್ತಬೇಕು. ಅದು ಬರದೆ ಆಕೆ ಅತ್ತಿದ್ದನ್ನು ನೋಡಿದ್ದೇನೆ, ಅತ್ತು ಮೂಗು ಒರೆಸಿಕೊಂಡು ಮತ್ತೆ ಒತ್ತಿದ್ದನ್ನೂ ನೋಡಿದ್ದೇನೆ. ಮುತ್ತಣ್ಣ ಒಳ್ಳೆಯವನು, "ಊಟ ನಾನ ಹಚ್ಕೊಂತೀನಿ, ನೀ ಬಾರ್ಸು," ಎನ್ನುತ್ತಿದ್ದ. ನಮ್ಮ ಮನೆಯವನಿಗೆ ಈ ಬುದ್ಧಿ ಯಾವಾಗ ಬರುತ್ತದೋ. ಈಚೀಚೆಗೆ ಕಾರ್ಡ್ ಬಿಟ್ಟು ಒಂದೊಂದೇ ತಂತಿಯ ಮೇಲೆ ಏನನ್ನೋ ಹುಡುಕುವಂತೆ ಬೆರಳಾಡಿಸುತ್ತಿದ್ದಳು. ಏನದು ಎಂದರೆ ಹೇಳಲಿಲ್ಲ.

ಇತ್ತ ಮೇಳದಲ್ಲಿ ಮುಂದೆ ಹೇಳುವವಳ ಜಾಗಕ್ಕೆ ಹೊಸಬಳು ಬಂದಿದ್ದಳು. ಶಿವನಪ್ಪ ಕಾಕಾನ ಸೊಸೆ ಲಕ್ಷ್ಮೀ, ರೋಣದ ಹುಡುಗಿ, ಗಂಟಲು ಚೆನ್ನಾಗಿದೆ. ಆಕೆಯ ಮೇಲೆ ಸಿಟ್ಟು ಮಾಡಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಆದರೆ ಎದುರು ಸಿಕ್ಕಾಗಲೆಲ್ಲ ನಕ್ಕು ಕಾಲಿಗೆ ಬೀಳುವವಳ ಮೇಲೆ ಹೇಗೆ ಸಿಟ್ಟು ಮಾಡುವುದು?

ಶ್ರಾವಣದ ಮೊದಲ ಸೋಮವಾರಕ್ಕೆ ಮೂರು ದಿನ ಇರುವಾಗ ನಾವಿಬ್ಬರೂ ಶಿವನಪ್ಪ ಕಾಕಾನ ಗಿರಣಿಗೆ ಹೋದೆವು. ಮೈತುಂಬ ಹಿಟ್ಟು ಬಳಿದುಕೊಂಡು ನಿಂತಿದ್ದ ಕಾಕಾ ಗಿಟಾರಿನ ಹೆಸರು ಕೇಳುತ್ತಲೇ ತಲೆ ಅಲ್ಲಾಡಿಸಿದ.

"ಬ್ಯಾಡ ಅನ್ನಪೂರ್ಣಾ. ಬಸವಣ್ಣನ ಮುಂದ ಅದು ಶೋಭಿಸೂದಿಲ್ಲ. ನೀ ಬಾ, ಕುಂದ್ರು, ಯಾರ್ ಬ್ಯಾಡಂತಾರ?"

"ಕಾಕಾ, ನಿಮ್ಮ ಹಾರ್ಮೋನಿಯಂ ಏನ ಬಸವಣ್ಣ ಹುಟ್ಟುವಾಗ ಹೊಟ್ಟ್ಯಾಗಿಂದ ತಂದಿದ್ದನೇನ್ರಿ? ಅದೂ ಪರದೇಶದಿಂದ ಬಂದದ್ದ," ಎಂದೆ ನಾನು. ಬಾಯಿ ಇರುವುದು ಇಂಥ ಹೊತ್ತಿಗಲ್ಲದೆ ಮತ್ತೆ ಯಾವಾಗ?

ಕಾಕಾ ಮೈಮೇಲಿನ ಹಿಟ್ಟು ಕೊಡವಿಕೊಂಡ. "ಒಂದ ಪದ. ಲಕ್ಷ್ಮೀ ಹಾಡತಾಳ, ನೀ ಹಿಂದಿಂದ ಬಾರ್ಸು. ಕೆಟ್ಟರ ಅಲ್ಲಿಗೆ ಮುಗೀತು, ಮತ್ತ ಕೇಳಬಾರ್ದು."

"ಆತ್ರಿ," ಎಂದಳು ಅನ್ನಪೂರ್ಣಾ.

ಸೋಮವಾರ ಸಂಜೆ ಕಟ್ಟೆ ತುಂಬಿತ್ತು. ಅನ್ನಪೂರ್ಣಾ ಹಿಂದೆ, ಕಂಬಕ್ಕೆ ಆತು, ಗಿಟಾರನ್ನು ಸೆರಗಿನಲ್ಲಿ ಅರ್ಧ ಮುಚ್ಚಿಕೊಂಡು ಕೂತಳು. ನಾನು ತಾಳ ಹಿಡಿದು ಆಕೆಯ ಎದುರಿಗೆ ಕೂತೆ. ಲಕ್ಷ್ಮೀ ನಾಲ್ಕಾರು ಪದ ಚೆನ್ನಾಗಿಯೇ ಹೇಳಿದಳು. ಆಮೇಲೆ ಕಾಕಾ ಹಾರ್ಮೋನಿಯಂ ಮೇಲಿನಿಂದ ಕೈ ತೆಗೆಯದೆ, "ಹಾಂ, ಅನ್ನಪೂರ್ಣಾ, ಯಾವ ಪದಕ್ಕ ಬಾರ್ಸ್ತಿ?" ಎಂದ.

ಆಕೆ ಹೆಸರು ಹೇಳಲಿಲ್ಲ. ಕಾರ್ಡ್ ಕೂಡ ಹಿಡಿಯಲಿಲ್ಲ. ಒಂದು ತಂತಿಯ ಮೇಲೆ ಬೆರಳಿಟ್ಟು ಒಂದು ಸಾಲನ್ನು ಮೀಟಿದಳು. ಅದು ಆಕೆಯ ತಾಯಿಯ ಹೊಳೆಮಣ್ಣೂರಿನ ಪದ. ಮುಂದೆ ಹೇಳುವವರಿಲ್ಲದೆ ವರ್ಷದಿಂದ ನಮ್ಮ ಮೇಳದಲ್ಲಿ ಯಾರೂ ಹಾಡಿರದ ಪದ.

ಲಕ್ಷ್ಮೀ ಹೌಹಾರಿ ಮಾವನ ಕಡೆ ತಿರುಗಿ, "ಇದು ನಂಗ ಬರೂದಿಲ್ರಿ," ಎಂದು ಪಿಸುಗುಟ್ಟಿದಳು. ಕಾಕಾನ ಕೈ ನಿಂತಿತು. ಅನ್ನಪೂರ್ಣಾ ಅದೇ ಸಾಲನ್ನು ಮತ್ತೊಮ್ಮೆ ಮೀಟಿ ಬಿಟ್ಟಳು. ಯಾರೂ ಬಾಯಿ ತೆರೆಯಲಿಲ್ಲ. ಮುಂದಿನವಳು ಸಾಲು ಹೇಳಿದ ಮೇಲೆ ಹಿಂದಿನವರು ಸುಮ್ಮನಿದ್ದರೆ, ಮನೆ ಬಾಗಿಲಿಗೆ ಬಂದವರಿಗೆ ಬಾ ಎನ್ನದೆ ನಿಂತಷ್ಟು ಕೆಟ್ಟದ್ದು. ಆದರೆ ತಂತಿ ಮಾತು ಆಡುವುದಿಲ್ಲವಲ್ಲ, ನಾವು ಹಿಂದೆ ಹೇಳುವುದಾದರೂ ಏನನ್ನು?

ಮೂರನೇ ಸಲ ಮೀಟುವಾಗ ಬೆರಳು ಒಂದು ಮನೆ ಆಚೆ ಬಿತ್ತು. ಕೆಟ್ಟ ಸ್ವರ ಎದ್ದಿತು. ಕಾಕಾ ಕಣ್ಣು ಮುಚ್ಚಿದ. ಮುಗಿಯಿತು ಎಂದುಕೊಂಡೆ ನಾನು. ಆಕೆ ನಿಲ್ಲಲಿಲ್ಲ. ತಾಳ ಬಿಡದೆ ಬೆರಳನ್ನು ಹಾಗೇ ಜಾರಿಸಿ ಸರಿಯಾದ ಮನೆಗೆ ತಂದು ಸಾಲು ಮುಗಿಸಿದಳು, ಮುಗಿಸುತ್ತ ನನ್ನನ್ನು ನೋಡಿದಳು. ಆಗ ಕಂಡೆ, ಆಕೆಯ ತುಟಿ ಅಲುಗುತ್ತಿತ್ತು. ತಂತಿ ರಾಗ ಹೇಳುತ್ತಿತ್ತು, ತುಟಿ ಮಾತು ಹೇಳುತ್ತಿತ್ತು. ಮೊದಲಿನಿಂದಲೂ ಹೇಳುತ್ತಲೇ ಇತ್ತು, ನಾವು ಬೆರಳು ನೋಡುತ್ತ ಕೂತಿದ್ದೆವು.

ನಾನು ಬಾಯಿ ತೆರೆದು ಆ ಸಾಲನ್ನು ಹಿಂದೆ ಹೇಳಿದೆ. ಒಬ್ಬಳೇ ಹೇಳಿದೆ, ಹೇಗೆ ಬಂತೋ ಹಾಗೆ. ನನ್ನ ಬೆನ್ನಿಗೆ ಸಕ್ಕೂಬಾಯಿ ಹೇಳಿದಳು. ಮತ್ತೆ ತಂತಿ ಹೇಳಿತು, ಈ ಸಲ ಅರ್ಧ ಕಟ್ಟೆ ಹೇಳಿತು. ಅದರ ಮುಂದಿನ ಸಾಲಿಗೆ ಎಲ್ಲರೂ ಹೇಳಿದರು, ಲಕ್ಷ್ಮೀ ಕೂಡ ಹೊರಳಿ ಕೂತು ಅನ್ನಪೂರ್ಣಾಳ ತುಟಿ ನೋಡುತ್ತ ಹೇಳಿದಳು. ಎಲ್ಲಿತ್ತೋ ಆ ಪದ, ಒಂದು ಅಕ್ಷರ ತಪ್ಪದೆ ಎಲ್ಲರ ಬಾಯಿಗೆ ಬಂತು. ಹಾರ್ಮೋನಿಯಂ ಯಾವಾಗ ಸೇರಿತೋ ನಾನು ಗಮನಿಸಲಿಲ್ಲ. ಅದು ಎಂದಿನಂತೆ ಮುಂದೆ ಹೋಗುತ್ತಿರಲಿಲ್ಲ. ಗಿಟಾರ್ ಹೇಳುವ ತನಕ ತಡೆದು, ನಮ್ಮ ಜೊತೆ ಹಿಂದೆ ಹೇಳುತ್ತಿತ್ತು. ಇಂಥ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ನನ್ನ ಓಣಿಯಲ್ಲಿ, ನನ್ನ ಎದುರು ಮನೆಯಲ್ಲಿ ಇದ್ದಾಳೆ ಎಂದು ನನಗೆ ಆ ಹೊತ್ತಿನಲ್ಲಿ ಎದೆ ಉಬ್ಬಿತು.

ಪಲ್ಲವಿ ಮುಗಿದು ಒಂದನೇ ನುಡಿ ಎತ್ತುವ ಮೊದಲು ಕಾಕಾ ಕೈ ಎತ್ತಿ ಮೇಳವನ್ನು ನಿಲ್ಲಿಸಿದ. ಅವನು ಹಾರ್ಮೋನಿಯಂ ಅನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಸರಿಸಿದ.

"ಅನ್ನಪೂರ್ಣಾ, ಎದ್ದ ಇಲ್ಲಿ ಬಾ ಯವ್ವಾ," ಎಂದ. "ಮುಂದ ಹೇಳಾಕಿ ಕಂಬದ ಹಿಂದ ಕುಂತ್ರ, ಹಿಂದ ಹೇಳೋ ನಾವು ಎಲ್ಲಿ ಕುಂದ್ರೂಣು?"

ಲಕ್ಷ್ಮೀ ಆಗಲೇ ಎದ್ದು ಜಾಗ ಬಿಟ್ಟಿದ್ದಳು. ಅನ್ನಪೂರ್ಣಾ ಸೆರಗು ಸರಿಮಾಡಿಕೊಂಡು ಎಲ್ಲರ ನಡುವೆ ದಾಟಿ ಬಂದು ಹಾರ್ಮೋನಿಯಂ ಪಕ್ಕ ಕೂತಳು. ಕಣ್ಣೊರೆಸಿಕೊಳ್ಳಲು ಆಕೆಗೆ ಕೈ ಖಾಲಿ ಇರಲಿಲ್ಲ. ನುಡಿಯ ಮೊದಲ ಸಾಲು ಹೇಳಿದಳು, ನಾವೆಲ್ಲ ಹಿಂದೆ ಹೇಳಿದೆವು.